ನಳಕ್ಕೆ ಮೀಟರ್ ಬೇಕೋ ಬೇಡವೋ?

ನಮ್ಮ ಖಟಕ ಚಿಂಚೋಳಿಯಂಥ ಊರುಗಳಲ್ಲಿ ಬೇಸಿಗೆ ಬಂದರೆ ನೀರಿನದೇ ಮಾತು. ನಳಕ್ಕೆ ಮೀಟರ್ ಕೂಡಿಸಬೇಕೇ? ಕೂಡಿ ವಿಚಾರ ಮಾಡೋಣ.

ದಿಬ್ಬದ ಓಣಿಯ ಅಕ್ಕ ಹೇಳ್ತಾಳೆ: "ತಗ್ಗಿನ ಓಣ್ಯಾಗ ನೀರು ಗಟಾರಕ್ಕ ಹರೀತದ. ನಮಗ ಎರಡು ಕೊಡ ಸಿಗಂಗಿಲ್ಲ. ಮೀಟರ್ ಕೂಡಸ್ಲಿ."

ಕೂಲಿ ಮಾಡುವ ಕಾಕಾ ಕೇಳ್ತಾರೆ: "ಬಿಲ್ ಬಂದ್ರ ಹ್ಯಾಂಗ ಕಟ್ಟಬೇಕವ್ವ?"

ಇಬ್ಬರ ಮಾತೂ ಖರೆ.

2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವುದು ಅದರ ಗುರಿ. ಮನೆಯಲ್ಲಿ 5 ಜನ ಇದ್ದರೆ ದಿನಕ್ಕೆ 275 ಲೀಟರ್. 30 ದಿನಕ್ಕೆ 8,250 ಲೀಟರ್.

ಯಾರ ಮನೆಗೆ ಎಷ್ಟು ನೀರು ಹೋಯಿತು? ಮೀಟರ್ ತೋರಿಸುತ್ತದೆ. ಎಲ್ಲ ನಳ ಬಂದ್ ಮಾಡಿದರೂ ಮೀಟರ್ ತಿರುಗಿದರೆ ಪೈಪು ಸೋರುತ್ತಿದೆ ಎಂದು ತಿಳಿಯಬೇಕು. ಆದರೆ ಒಂದು ತೊಂದರೆ ಇದೆ. ನೀರು ಬಿಟ್ಟಾಗ ಮೊದಲು ಪೈಪಿನೊಳಗಿನ ಗಾಳಿ ಬರುತ್ತದೆ. ಗಾಳಿಗೂ ಮೀಟರ್ ತಿರುಗಬಹುದು.

ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳ ಕೆಲವು ಭಾಗಗಳಲ್ಲಿ 2008ರ ಹೊತ್ತಿಗೆ ಮನೆಗಳಿಗೆ ಮೀಟರ್ ಬಂತು. ಜೊತೆಗೆ 24 ಗಂಟೆ ನೀರೂ ಬಂತು. ನೀರಿಲ್ಲದ ನಳಕ್ಕೆ ಮೀಟರ್ ಕೂಡಿಸಿ ಏನು ಉಪಯೋಗ?

ಆದ್ದರಿಂದ ಮೊದಲು ದಿಬ್ಬಕ್ಕೂ ನೀರು ಏರಲಿ. ಆಮೇಲೆ ಮೀಟರ್ ಬರಲಿ. ಮನೆಗೆ ಬೇಕಾದಷ್ಟು ನೀರಿಗೆ ದರ ಕಡಿಮೆ ಇರಲಿ. ಹೆಚ್ಚು ಬಳಸಿದವರು ಹೆಚ್ಚು ಕೊಡಲಿ. ಈ ಮಾತನ್ನು ಗ್ರಾಮಸಭೆಯಲ್ಲಿ ನಾವೇ ಎದ್ದು ಹೇಳೋಣ. ಬಿಲ್ಲನ್ನೂ ನಾವೇ ಓದೋಣ.

ಲೆಕ್ಕ ಮಾಡಿರಿ: ಮೀಟರಿನಲ್ಲಿ 1 ಅಂಕಿ ಏರಿದರೆ 1,000 ಲೀಟರ್. ಹೋದ ತಿಂಗಳು 112 ಇತ್ತು. ಈ ತಿಂಗಳು 121 ಇದೆ. ಬಳಸಿದ ನೀರು ಎಷ್ಟು?