ಕೂದಲು ನಾಟಿ ಶಸ್ತ್ರಚಿಕಿತ್ಸೆ: ನಿರ್ಧಾರಕ್ಕೆ ಮುನ್ನ ತಿಳಿಯಬೇಕಾದುದು

ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಫಲಕಗಳಲ್ಲಿಯೂ ಮೊಬೈಲಿನ ಪರದೆಯಲ್ಲಿಯೂ ಕೂದಲು ಕಸಿಯ ಜಾಹೀರಾತುಗಳು ಹೆಚ್ಚಾಗಿವೆ. ಮದುವೆಯ ವಯಸ್ಸಿಗೆ ಬಂದ ತರುಣರು, ಕೆಲವೊಮ್ಮೆ ಅವರ ತಂದೆತಾಯಿಗಳೂ, ನಮ್ಮ ಚಿಕಿತ್ಸಾಲಯಕ್ಕೆ ಬಂದು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಎಣ್ಣೆ ಹಚ್ಚಿದರೆ ಹೋದ ಕೂದಲು ಮರಳಿ ಬರುವುದೇ? ಬಾರದಿದ್ದರೆ ಆಪರೇಷನ್ ಮಾಡಿಸಬಹುದೇ? ಈ ಎರಡು ಪ್ರಶ್ನೆಗಳಿಗೂ ಸಮಾಧಾನವಾಗಿ ಉತ್ತರಿಸುವುದು ಈ ಲೇಖನದ ಉದ್ದೇಶ.

ಕೂದಲು ಉದುರುವುದು ಏಕೆ?

ಕೇಶವನ್ನು ಅಸ್ಥಿಧಾತುವಿನ ಮಲವೆಂದು ಚರಕಾಚಾರ್ಯರು ಪರಿಗಣಿಸಿದ್ದಾರೆ. ಪಿತ್ತಪ್ರಕೃತಿಯವರಿಗೆ ಕೂದಲು ಬೇಗನೆ ನರೆಯುವುದೂ ಉದುರುವುದೂ ಸಹಜವೆಂಬುದನ್ನು ಅವರು ಗುರುತಿಸಿದ್ದರು. ರೋಮಕೂಪವನ್ನು ಆಶ್ರಯಿಸಿದ ಪಿತ್ತವು ವಾತದೊಡನೆ ಕೂಡಿ ಕೂದಲನ್ನು ಕೆಡವುತ್ತದೆ, ಅನಂತರ ರಕ್ತದೊಡಗೂಡಿದ ಕಫವು ಆ ಕೂಪಗಳನ್ನು ಮುಚ್ಚುವುದರಿಂದ ಅಲ್ಲಿ ಬೇರೆ ಕೂದಲು ಹುಟ್ಟುವುದಿಲ್ಲ ಎಂಬುದು ಸುಶ್ರುತಾಚಾರ್ಯರ ವಿವರಣೆ.

ಆಧುನಿಕ ವಿಜ್ಞಾನದ ಪ್ರಕಾರ ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಕೂಪದಲ್ಲಿ ಹೊಸದು ಹುಟ್ಟುತ್ತದೆ. ಆದಕಾರಣ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ.

ಪುರುಷರ ಬೋಳುತನದಲ್ಲಿ ಆಗುವುದು ಬೇರೆ. ದೇಹದ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಪರಿವರ್ತನೆಗೊಂಡು, ವಂಶಪಾರಂಪರ್ಯವಾಗಿ ಅದಕ್ಕೆ ಮಣಿಯುವ ಗುಣವುಳ್ಳ ಕೂಪಗಳನ್ನು ಕುಗ್ಗಿಸುತ್ತದೆ. ದಪ್ಪ ಕೂದಲಿನ ಸ್ಥಾನದಲ್ಲಿ ತೆಳು ಕೂದಲು, ಬಳಿಕ ನವಿರು ರೋಮ, ಕೊನೆಗೆ ಬರಿಯ ಚರ್ಮ ಉಳಿಯುತ್ತದೆ. ಈ ಗುಣವು ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ ಬರಬಹುದು. ಹಣೆಯ ಮೇಲ್ಭಾಗ ಮತ್ತು ನೆತ್ತಿಯ ಕೂಪಗಳು ಈ ಹಾರ್ಮೋನಿಗೆ ಸೋಲುತ್ತವೆ. ಹಿಂದಲೆಯ ಮತ್ತು ಕಿವಿಯ ಮೇಲ್ಗಡೆಯ ಕೂಪಗಳು ಬಹುಮಟ್ಟಿಗೆ ಸೋಲುವುದಿಲ್ಲ. ಪೂರ್ಣ ಬೋಳಾದ ವೃದ್ಧರಲ್ಲಿಯೂ ಹಿಂಭಾಗದಲ್ಲಿ ಒಂದು ಸಾಲು ಕೂದಲು ಉಳಿದಿರುವುದು ಇದರಿಂದಲೇ.

ನಾಟಿಯ ಮೂಲತತ್ತ್ವ

ಈ ಭೇದವೇ ಶಸ್ತ್ರಚಿಕಿತ್ಸೆಗೆ ಆಧಾರ. 1939ರಲ್ಲಿ ಜಪಾನಿನ ವೈದ್ಯ ಒಕುಡಾ ಅವರು ಸುಟ್ಟ ಗಾಯದಿಂದ ಕೂದಲು ಕಳೆದುಕೊಂಡ ಸ್ಥಳಗಳಿಗೆ ಕೂದಲುಳ್ಳ ಚರ್ಮದ ಸಣ್ಣ ತುಂಡುಗಳನ್ನು ಕೂರಿಸಿದ ವಿಧಾನವನ್ನು ಪ್ರಕಟಿಸಿದರು. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ ಅವರು 1952ರಲ್ಲಿ ಪುರುಷರ ಬೋಳುತನಕ್ಕೆ ಇಂತಹುದೇ ಚಿಕಿತ್ಸೆ ಮಾಡಿ, 1959ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಹಿಂದಲೆಯಿಂದ ಕಿತ್ತು ಮುಂದಲೆಯಲ್ಲಿ ನೆಟ್ಟ ಕೂದಲು ತಾನು ಹೊರಟ ಸ್ಥಳದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಅಂದು ಒಂದೊಂದು ತುಂಡೂ ಸುಮಾರು 4 ಮಿಲಿಮೀಟರ್ ಅಗಲವಿದ್ದುದರಿಂದ ತಲೆಯು ಗೊಂಬೆಯ ತಲೆಯಂತೆ ಕಾಣುತ್ತಿತ್ತು. ಇಂದು ಕೂದಲು ಸಹಜವಾಗಿ ಹುಟ್ಟುವ 1ರಿಂದ 4 ಎಳೆಗಳ ಚಿಕ್ಕ ಗುಚ್ಛವನ್ನೇ ಒಂದು ಗ್ರಾಫ್ಟ್ ಎಂದು ತೆಗೆಯುತ್ತಾರೆ. ಹಿಂದಲೆಯ ಚರ್ಮದ ಒಂದು ಪಟ್ಟಿಯನ್ನೇ ತೆಗೆದು, ಹೊಲಿಗೆ ಹಾಕಿ, ಪಟ್ಟಿಯಿಂದ ಗುಚ್ಛಗಳನ್ನು ಬಿಡಿಸುವುದು ಎಫ್‌ಯುಟಿ ವಿಧಾನ. ಗುಚ್ಛಗಳನ್ನು ಒಂದೊಂದಾಗಿ ಸೂಕ್ಷ್ಮ ಉಪಕರಣದಿಂದ ಕೀಳುವುದು ಎಫ್‌ಯುಇ ವಿಧಾನ. ಮೊದಲನೆಯದರಲ್ಲಿ ಗೆರೆಯಂತಹ ಕಲೆ ಉಳಿಯುತ್ತದೆ; ಎರಡನೆಯದರಲ್ಲಿ ಚುಕ್ಕೆಗಳಂತಹ ಸಣ್ಣ ಕಲೆಗಳು ಉಳಿಯುತ್ತವೆ. ಕಲೆಯೇ ಇಲ್ಲದ ವಿಧಾನವೆಂಬುದಿಲ್ಲ.

ದೇಹದ ಒಂದು ಭಾಗದ ಜೀವಂತ ಚರ್ಮದಿಂದ ಇನ್ನೊಂದು ಭಾಗವನ್ನು ಸರಿಪಡಿಸುವ ವಿಚಾರ ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಪುನಃ ರೂಪಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಆದುದರಿಂದ ಆಯುರ್ವೇದ ವೈದ್ಯರಾದ ನಾವು ಈ ಶಸ್ತ್ರಚಿಕಿತ್ಸೆಯನ್ನು ಪರಕೀಯವೆಂದು ತಳ್ಳಿಹಾಕುವುದಿಲ್ಲ. ಅದರ ಮಿತಿಯನ್ನು ತಿಳಿದುಕೊಳ್ಳಿರೆಂದು ಮಾತ್ರ ಹೇಳುತ್ತೇವೆ.

ಸಸಿಮಡಿ ಒಂದೇ

ಜನರು ಇದನ್ನು ಕಸಿ ಎಂದು ಕರೆಯುತ್ತಾರೆ. ಒಕ್ಕಲುತನ ಬಲ್ಲವರಿಗೆ ನಾಟಿ ಎಂಬ ಮಾತು ಹೆಚ್ಚು ಅರ್ಥವಾದೀತು. ಸಸಿಮಡಿಯಿಂದ ಭತ್ತದ ಸಸಿ ಕಿತ್ತು ಗದ್ದೆಯಲ್ಲಿ ನೆಡುವಂತೆ ಹಿಂದಲೆಯ ಕೂದಲನ್ನು ಕಿತ್ತು ಮುಂದಲೆಯಲ್ಲಿ ನೆಡುತ್ತಾರೆ. ನೆಟ್ಟಷ್ಟೂ ಸಸಿಮಡಿ ಬರಿದಾಗುತ್ತದೆ. ರೈತನು ಮರುವರ್ಷ ಮತ್ತೆ ಬೀಜ ಚೆಲ್ಲಬಲ್ಲನು. ತಲೆಯ ಸಸಿಮಡಿಗೆ ಬಿತ್ತನೆ ಒಂದೇ ಸಲ. ಕಿತ್ತ ಸ್ಥಳದಲ್ಲಿ ಆ ಕೂದಲು ಮತ್ತೆ ಹುಟ್ಟುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಹಿಂದಲೆಯು ಒಳ್ಳೆಯ ಸ್ಥಿತಿಯಲ್ಲಿದ್ದರೆ ಒಬ್ಬನ ಇಡೀ ಆಯುಷ್ಯದಲ್ಲಿ ಸುಮಾರು 4000ದಿಂದ 6000 ಗ್ರಾಫ್ಟುಗಳನ್ನು ತೆಗೆಯಬಹುದು. ಒಂದಕ್ಕೆ ಸರಾಸರಿ 2 ಕೂದಲೆಂದರೂ 8000ದಿಂದ 12000 ಕೂದಲು. ವಿಸ್ತಾರವಾಗಿ ಬೋಳಾದ ತಲೆ ಕಳೆದುಕೊಂಡಿರುವುದು ಹತ್ತಾರು ಸಾವಿರ. ಹೀಗಿರುವಾಗ ಹದಿನೆಂಟರ ಹರೆಯದ ದಟ್ಟಣೆ ಮರಳುವುದು ಅಸಾಧ್ಯ. ನುರಿತ ಶಸ್ತ್ರವೈದ್ಯರು ಇರುವ ಕೂದಲನ್ನೇ ಜಾಣತನದಿಂದ ಹಂಚಿ, ನೋಡುವವರ ಕಣ್ಣಿಗೆ ತುಂಬಿದಂತೆ ಕಾಣಿಸುತ್ತಾರೆ. ಒಂದೇ ಬಾರಿಗೆ ಎಷ್ಟು ಬೇಕಾದರೂ ಗ್ರಾಫ್ಟ್ ಹಾಕುತ್ತೇವೆನ್ನುವವರು ಆ ಮನುಷ್ಯನ ಮುಂದಿನ ಇಪ್ಪತ್ತು ವರ್ಷಗಳ ಉಳಿತಾಯವನ್ನು ಇಂದೇ ಖರ್ಚು ಮಾಡುತ್ತಾರೆ.

ಈ ಕಾರಣದಿಂದಲೇ ಇಪ್ಪತ್ತು, ಇಪ್ಪತ್ತೆರಡರ ತರುಣರಿಗೆ ನಾವು ಕಾಯಲು ಹೇಳುತ್ತೇವೆ. ಆ ವಯಸ್ಸಿನಲ್ಲಿ ಬೋಳುತನ ಎಲ್ಲಿಗೆ ನಿಲ್ಲುವುದೆಂದು ತಿಳಿಯದು. ಹಣೆಯ ಮೇಲೆ ಕೂದಲು ನೆಟ್ಟ ಬಳಿಕವೂ ಅದರ ಹಿಂದಿನ ಸಹಜ ಕೂದಲು ಉದುರುತ್ತಲೇ ಹೋಗಬಹುದು. ಆಗ ಮುಂದೆ ನೆಟ್ಟ ಸಾಲು, ನಡುವೆ ಬಯಲು ಎಂಬ ವಿಚಿತ್ರ ರೂಪ ಉಳಿಯುತ್ತದೆ. ಸರಿಪಡಿಸಲು ಸಸಿಮಡಿಯಲ್ಲಿ ಸಸಿಯಿರುವುದಿಲ್ಲ. ನಾಟಿಯ ನಂತರವೂ ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಮುಂತಾದ ಔಷಧಿಗಳನ್ನು ಮುಂದುವರಿಸಲು ಚರ್ಮವೈದ್ಯರು ಸೂಚಿಸುವುದು ಉಳಿದ ಕೂದಲಿನ ರಕ್ಷಣೆಗಾಗಿ. ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ ಫಿನಾಸ್ಟೆರೈಡ್ ವರ್ಜ್ಯ.

ಯಾರಿಗೆ ಬೇಡ?

ವಿಷಮಜ್ವರ, ಡೆಂಗಿ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ತೀವ್ರ ಮನೋವ್ಯಥೆ ಇವುಗಳಾದ 2-3 ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. ಇದು ಸಾಮಾನ್ಯವಾಗಿ ಆರೆಂಟು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ರಕ್ತಹೀನತೆ, ಥೈರಾಯ್ಡ್ ದೋಷ, ಪೋಷಣೆಯ ಕೊರತೆಗಳಿಂದ ಉದುರುವ ಕೂದಲಿಗೆ ಮೂಲಕಾರಣದ ಚಿಕಿತ್ಸೆಯೇ ಬೇಕು. ಜನರು ಹುಳು ತಿಂದಿದೆ ಎನ್ನುವ, ನಾಣ್ಯದಂತೆ ದುಂಡಗೆ ಬೋಳಾಗುವ ಇಂದ್ರಲುಪ್ತದಲ್ಲಿಯೂ ನಾಟಿಯು ಸೂಕ್ತವಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ಕೂಪವನ್ನು ಪೀಡಿಸುತ್ತಿರುವಾಗ ನೆಟ್ಟ ಕೂದಲನ್ನೂ ಅದು ಬಿಡದಿರಬಹುದು. ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ರಕ್ತ ತೆಳುವಾಗಿಸುವ ಔಷಧಿ ಸೇವನೆ, ಗಾಯವಾದಲ್ಲಿ ಗಂಟುಗಟ್ಟುವ ಚರ್ಮ ಇರುವವರು ಇವನ್ನು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಆಯುರ್ವೇದದ ಪಾತ್ರ

ಭೃಂಗರಾಜ, ನೆಲ್ಲಿಕಾಯಿ, ಒಂದೆಲಗಗಳಿಂದ ಸಿದ್ಧಪಡಿಸಿದ ತೈಲಗಳ ಅಭ್ಯಂಗ, ನಸ್ಯ, ಪಿತ್ತಶಮನದ ಆಹಾರ, ಸಕಾಲದ ನಿದ್ರೆ ಇವು ರೋಗದ ಆರಂಭದಲ್ಲಿ, ಕೂಪಗಳು ಇನ್ನೂ ಜೀವಂತವಿರುವಾಗ, ಸಹಾಯಕವೆಂದು ನಮ್ಮ ಅಭಿಪ್ರಾಯ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಕಬ್ಬಿಣಾಂಶ ಮತ್ತು ಬಿ12 ಜೀವಸತ್ವದ ಕೊರತೆಯ ಕಡೆಗೆ ವಿಶೇಷ ಗಮನ ಬೇಕು. ಬೇಳೆಕಾಳು, ಸೊಪ್ಪು, ಎಳ್ಳು, ಹಾಲು, ಮೊಸರು ನಿತ್ಯವೂ ಇರಲಿ, ಸಂಶಯವಿದ್ದಲ್ಲಿ ರಕ್ತಪರೀಕ್ಷೆ ಮಾಡಿಸಿರಿ. ಆದರೆ ನುಣ್ಣಗೆ ಹೊಳೆಯುವ ಬೋಳಿನ ಮೇಲೆ ಎಣ್ಣೆಯಿಂದ ಕೂದಲು ಬೆಳೆಸುತ್ತೇವೆಂಬುದು ಶಾಸ್ತ್ರವಿರುದ್ಧ. ಮೂರು ದೋಷಗಳೂ ಕೂಡಿ ಹುಟ್ಟಿದ ಖಾಲಿತ್ಯವನ್ನು ವಾಗ್ಭಟರೇ ಅಸಾಧ್ಯವೆಂದಿದ್ದಾರೆ. ಆಚಾರ್ಯರು ಅಸಾಧ್ಯವೆಂದುದನ್ನು ಸೀಸೆಯಲ್ಲಿ ತುಂಬಿ ಮಾರುವವರನ್ನು ನಂಬಬೇಡಿರಿ.

ಜೀವಕ್ಕೆ ಬೆಲೆ

ಹೊರಗಿನ ಚರ್ಮದ ಮೇಲಷ್ಟೇ ನಡೆಯುವುದರಿಂದ ಇದು ಕ್ಷೌರದಷ್ಟೇ ಸುಲಭವೆಂಬ ಭಾವನೆ ಹರಡಿದೆ. 2016ರಲ್ಲಿ ಚೆನ್ನೈಯಲ್ಲಿ ಕೂದಲು ನಾಟಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮೃತಪಟ್ಟ. 2024 ಮತ್ತು 2025ರಲ್ಲಿ ಕಾನ್ಪುರದಲ್ಲಿ ಇಬ್ಬರು ಎಂಜಿನಿಯರರು ಇಂತಹುದೇ ಚಿಕಿತ್ಸೆಯ ನಂತರ ತೀರಿಕೊಂಡರು. ಶಸ್ತ್ರಕ್ರಿಯೆ 6ರಿಂದ 8 ಗಂಟೆ ನಡೆಯುತ್ತದೆ. ಅಷ್ಟು ಹೊತ್ತೂ ತಲೆಯನ್ನು ಮರಗಟ್ಟಿಸಲು ಲಿಗ್ನೊಕೇನ್ ಚುಚ್ಚುತ್ತಿರಬೇಕು. ಅಡ್ರಿನಲಿನ್ ಸೇರಿಸಿದ ಲಿಗ್ನೊಕೇನಿನ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 7 ಮಿಲಿಗ್ರಾಂ. 60 ಕಿಲೋ ತೂಕದವನಿಗೆ 420 ಮಿಲಿಗ್ರಾಂ, ಅಂದರೆ ಶೇ. 2ರ ದ್ರಾವಣದಲ್ಲಿ ಕೇವಲ 21 ಮಿಲಿಲೀಟರ್. ಲೆಕ್ಕ ತಪ್ಪಿದರೆ ಮಿದುಳು, ಹೃದಯಗಳಿಗೆ ಅಪಾಯ. ಔಷಧಿಯ ಅಲರ್ಜಿಯೂ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು.

ಇಂತಹ ಚಿಕಿತ್ಸೆಯನ್ನು ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗ ವಿಭಾಗದಲ್ಲಿ ಕ್ರಮಬದ್ಧ ಶಿಕ್ಷಣ ಪಡೆದ ವೈದ್ಯರೇ ಮಾಡಬೇಕೆಂದೂ, ಯೂಟ್ಯೂಬ್ ನೋಡಿ ಕಲಿತು ಮಾಡುವುದು ಸಲ್ಲದೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಿಳಿಸಿದೆ. ಬಿ.ಎ.ಎಂ.ಎಸ್. ಪದವಿ ಮಾತ್ರ ಪಡೆದ ನಮ್ಮಂಥವರು ಇದಕ್ಕೆ ಕೈಹಾಕುವುದು ತರವಲ್ಲ. ಆದುದರಿಂದ ಮುಂಗಡ ಕೊಡುವ ಮುನ್ನ ಸಂಕೋಚವಿಲ್ಲದೆ ಕೇಳಿರಿ: ಶಸ್ತ್ರಕ್ರಿಯೆ ಮಾಡುವ ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆ ಏನು? ಕೀಳುವವರೂ ನೆಡುವವರೂ ಯಾರು? ವೈದ್ಯರು ಕೊನೆಯವರೆಗೂ ಕೊಠಡಿಯಲ್ಲಿರುವರೇ? ಆಮ್ಲಜನಕ, ತುರ್ತು ಔಷಧಿಗಳು, ಅದನ್ನು ಬಳಸಬಲ್ಲವರು ಇದ್ದಾರೆಯೇ? ಕೇಂದ್ರಕ್ಕೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿಯಿದೆಯೇ? ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರಲ್ಲಿ ತಲೆಯೊಡ್ಡಬಾರದು.

ನಂತರದ ದಿನಗಳು

ಬೇರಿನಿಂದ ಪೂರ್ಣ ಬಿಡಿಸಿದ ಗುಚ್ಛವು ಮೊದಲ ಕೆಲವು ದಿನ ಸುತ್ತಲಿನ ಮಾಂಸದಿಂದಲೇ ಪೋಷಣೆ ಪಡೆದು ಬದುಕಬೇಕು. ಆದಕಾರಣ ಸುಮಾರು 10 ದಿನ ತಲೆಯನ್ನು ಉಜ್ಜುವುದು, ಹೊಪ್ಪಳೆ ಕೀಳುವುದು, ಭಾರ ಎತ್ತುವುದು, ಬಿಸಿಲಿಗೆ ಹೋಗುವುದು ಬೇಡ. ಶಸ್ತ್ರವೈದ್ಯರು ಒಪ್ಪುವವರೆಗೆ ನಮ್ಮ ಯಾವ ತೈಲವನ್ನೂ ಲೇಪವನ್ನೂ ಹಚ್ಚಬಾರದು. ನೆಟ್ಟ ಕೂದಲು 2ರಿಂದ 6 ವಾರಗಳಲ್ಲಿ ಬಹುಪಾಲು ಉದುರುತ್ತದೆ. ಬೇರು ಒಳಗಿರುವುದರಿಂದ ಗಾಬರಿ ಬೇಡ. 3-4 ತಿಂಗಳಿಗೆ ಮೊಳಕೆ ಕಾಣುತ್ತದೆ, ಪೂರ್ಣ ಫಲಕ್ಕೆ ಸುಮಾರು 1 ವರ್ಷ ಬೇಕು. ಮುಂದಿನ ತಿಂಗಳ ಮದುವೆಗೆಂದು ಈ ತಿಂಗಳು ಮಾಡಿಸಿಕೊಳ್ಳುವುದು ವ್ಯರ್ಥ.

ಬೋಳುತನವು ಪ್ರಾಣಹಾನಿ ಮಾಡುವ ರೋಗವಲ್ಲ. ಅದರಿಂದ ಮನಸ್ಸಿಗಾಗುವ ನೋವು ಮಾತ್ರ ನಿಜವಾದುದು. ಅದನ್ನು ನಗೆಯ ವಸ್ತುವಾಗಿಸುವ ನಮ್ಮ ಸಮಾಜದ ಅಭ್ಯಾಸ ಸರಿಯಲ್ಲ. ವಯಸ್ಸು ಕೂಡಿಬಂದು, ಬೋಳುತನ ಒಂದು ಹಂತಕ್ಕೆ ನಿಂತು, ಹಿಂದಲೆಯಲ್ಲಿ ಸಾಕಷ್ಟು ಕೂದಲಿದ್ದು, ಅರ್ಹ ವೈದ್ಯರು ದೊರೆತು, ಸಾಲ ಮಾಡದೆ ಭರಿಸುವ ಶಕ್ತಿಯಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಇವುಗಳಲ್ಲಿ ಒಂದು ಕೊರತೆಯಾದರೂ ಕಾಯುವುದು ಲೇಸು. ಗಂಡು ನೋಡಲು ಬಂದ ಮನೆಯವರೂ ತಲೆಯ ಮೇಲಿನದಕ್ಕಿಂತ ಮೊದಲು ಹುಡುಗನ ಗುಣವನ್ನೂ ದುಡಿಮೆಯನ್ನೂ ವಿಚಾರಿಸಿದರೆ, ಎಷ್ಟೋ ತರುಣರು ಅವಸರದಿಂದ ಶಸ್ತ್ರದ ಮೇಜು ಏರುವುದು ತಪ್ಪುತ್ತದೆ.