ಮೆದುಳಿನ ಸೇತುವೆಯಲ್ಲಿ ಬೆಳೆಯುವ ಗಡ್ಡೆ: ಡಾಕ್ಟರ್ ಮಿಷೆಲ್ ಮೊಂಜೆಯವರ ಕೆಲಸ

ಮೇಲಿನ ತರಗತಿಗಳಲ್ಲಿ ಶರೀರಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿನಿಯರು ಮೆದುಳಿನ ಚಿತ್ರವನ್ನು ಬರೆಯುವಾಗ ಹಿರಿಮೆದುಳಿನ ಮಡಿಕೆಗಳನ್ನೂ ಕಿರಿಮೆದುಳಿನ ಗೆರೆಗಳನ್ನೂ ಬಹು ಜಾಗರೂಕತೆಯಿಂದ ತೋರಿಸುತ್ತಾರೆ. ಅವುಗಳ ಕೆಳಗೆ, ಬೆನ್ನುಹುರಿಗೆ ಇಳಿಯುವ ಕಾಂಡದಲ್ಲಿ, ಒಂದು ಸಣ್ಣ ಉಬ್ಬನ್ನು ಬರೆದು 'ಪಾನ್ಸ್' ಎಂದು ಹೆಸರಿಟ್ಟು ಮುಂದೆ ಹೋಗುವುದು ವಾಡಿಕೆ. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಸೇತುವೆಯೆಂದು ಅರ್ಥ. ಹೆಸರು ತಕ್ಕದ್ದೇ, ಯಾಕಂದರೆ ಹಿರಿಮೆದುಳಿನಿಂದ ಕೈಕಾಲುಗಳಿಗೆ ಹೋಗುವ ಅಪ್ಪಣೆಗಳೂ ಮೈಯಿಂದ ಮೇಲಕ್ಕೆ ಬರುವ ಸುದ್ದಿಗಳೂ ಇದನ್ನು ದಾಟಿಯೇ ಹೋಗಬೇಕು. ಕಣ್ಣುಗುಡ್ಡೆಯನ್ನು ಹೊರಗಡೆಗೆ ತಿರುಗಿಸುವ ನರ, ಮುಖವನ್ನು ಆಡಿಸುವ ನರ, ಅಗಿಯುವ ನರ, ಇವೆಲ್ಲ ಇಲ್ಲಿಂದಲೇ ಹೊರಡುತ್ತವೆ. ಉಸಿರಾಟದ ಲಯವನ್ನು ಕಾಯುವುದರಲ್ಲಿಯೂ ಇದಕ್ಕೆ ಪಾಲುಂಟು. ಇಷ್ಟೆಲ್ಲ ಕೆಲಸವುಳ್ಳ ಈ ಅಂಗದ ಉದ್ದವು ಸುಮಾರು ಒಂದು ಅಂಗುಲ ಮಾತ್ರ.

ಈ ಒಂದಂಗುಲದ ಜಾಗದಲ್ಲಿ ಮಕ್ಕಳಿಗೆ ಹುಟ್ಟುವ ಒಂದು ರೋಗವನ್ನೂ, ಅದರ ಬೆನ್ನು ಹತ್ತಿರುವ ಒಬ್ಬ ವೈದ್ಯೆಯ ಕೆಲಸವನ್ನೂ ಈ ಪಾಠದಲ್ಲಿ ವಿವರಿಸುವೆವು. ವಿಷಯವು ಸಂತೋಷದ್ದಲ್ಲ. ಆದಾಗ್ಯೂ ನಮ್ಮ ಹುಡುಗಿಯರಲ್ಲಿ ಕೆಲವರು ಉಪಾಧ್ಯಾಯಿನಿಯರೂ ದಾದಿಯರೂ ವೈದ್ಯೆಯರೂ ಆಗತಕ್ಕವರು. ಬಹು ಮಂದಿ ತಾಯಂದಿರಾಗತಕ್ಕವರು. ಇಂಥದ್ದನ್ನು ಅವರಿಂದ ಮುಚ್ಚಿಡುವುದು ಸರಿಯೆಂದು ನಮಗೆ ತೋರುವುದಿಲ್ಲ.

ಈ ಗಡ್ಡೆಗೆ ವೈದ್ಯರು 'ಡಿಫ್ಯೂಸ್ ಇಂಟ್ರಿನ್ಸಿಕ್ ಪಾಂಟೈನ್ ಗ್ಲಯೋಮ' ಎಂಬ ಉದ್ದವಾದ ಹೆಸರನ್ನಿಟ್ಟು, ಡಿ.ಐ.ಪಿ.ಜಿ. ಎಂದು ಚಿಕ್ಕದಾಗಿ ಕರೆಯುವರು. ಇದು ಹೆಚ್ಚಾಗಿ 5ರಿಂದ 10 ವರ್ಷದ ಮಕ್ಕಳನ್ನೇ ಹಿಡಿಯುತ್ತದೆ. ಗಡ್ಡೆಯೆಂದೊಡನೆ ಹಣ್ಣಿನೊಳಗಿನ ಬೀಜದ ಹಾಗೆ ಬಿಡಿಸಿ ತೆಗೆಯಬಹುದಾದ ಒಂದು ಉಂಡೆಯು ನಮ್ಮ ಮನಸ್ಸಿಗೆ ಬರುತ್ತದೆ. ಇದು ಹಾಗಲ್ಲ. ರಾಗಿಹಿಟ್ಟಿನಲ್ಲಿ ಉಪ್ಪನ್ನು ಬೆರಸಿದರೆ ಹೇಗೋ ಹಾಗೆ ರೋಗದ ಜೀವಕಣಗಳು ಒಳ್ಳೆಯ ಜೀವಕಣಗಳ ನಡುನಡುವೆ ಸೇರಿಕೊಂಡಿರುತ್ತವೆ. ಎಷ್ಟೇ ಕುಶಲನಾದ ಶಸ್ತ್ರವೈದ್ಯನಾದರೂ ಉಪ್ಪನ್ನು ತೆಗೆಯಹೋದರೆ ಹಿಟ್ಟನ್ನೂ ತೆಗೆಯಬೇಕಾಗುವುದು. ಹಿಟ್ಟು ಹೋದರೆ ಮಗುವು ನುಂಗುವುದು ಹೇಗೆ, ಉಸಿರಾಡುವುದು ಹೇಗೆ? ಆದಕಾರಣ ಇದಕ್ಕೆ ಶಸ್ತ್ರಚಿಕಿತ್ಸೆಯಿಲ್ಲ. ವಿಕಿರಣ ಚಿಕಿತ್ಸೆಯಿಂದ ಕೆಲವು ತಿಂಗಳು ಮಗುವು ಚೇತರಿಸಿಕೊಂಡಂತೆ ಕಾಣುತ್ತದೆ. ಬಳಿಕ ರೋಗವು ಮರಳುತ್ತದೆ. ಕಂಡುಹಿಡಿದ ಒಂದು ವರ್ಷದೊಳಗಾಗಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ತೀರಿಹೋಗುತ್ತಾರೆ. ಐದು ವರ್ಷ ಉಳಿಯುವವರು ನೂರಕ್ಕೆ ಒಬ್ಬಿಬ್ಬರು.

ಮಕ್ಕಳ ಮೆದುಳಿನ ಎಲ್ಲಾ ಗಡ್ಡೆಗಳೂ ಹೀಗೆಯೇ ಎಂದು ತಿಳಿಯಬಾರದು. ಕಿರಿಮೆದುಳಿನಲ್ಲಿ ಬರುವ 'ಮೆಡುಲ್ಲೊಬ್ಲಾಸ್ಟೋಮ' ಎಂಬ ಗಡ್ಡೆಯನ್ನು 1925ರಲ್ಲಿ ಅಮೆರಿಕದ ಹಾರ್ವೆ ಕುಶಿಂಗ್ ಮತ್ತು ಪರ್ಸಿವಲ್ ಬೇಯ್ಲಿ ಎಂಬವರು ಬೇರೆಯಾಗಿ ಗುರುತಿಸಿ ವರ್ಣಿಸಿದಾಗ ಅದೂ ಮರಣಕರವಾದುದಾಗಿಯೇ ಇತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡಿತ್ ಪ್ಯಾಟರ್‌ಸನ್ ಎಂಬ ವೈದ್ಯೆಯು ಗಡ್ಡೆಯಿದ್ದ ಸ್ಥಳಕ್ಕೆ ಮಾತ್ರವಲ್ಲದೆ ಇಡೀ ಮೆದುಳಿಗೂ ಬೆನ್ನುಹುರಿಗೂ ಕಿರಣಗಳನ್ನು ಕೊಡುವ ಪದ್ಧತಿಯನ್ನು ನಡಿಸಿ, ಅದರ ಫಲವನ್ನು 1953ರಲ್ಲಿ ಪ್ರಕಟಿಸಿದರು. ಈಗ ಒಳ್ಳೆಯ ಆಸ್ಪತ್ರೆಗಳಲ್ಲಿ ಶಸ್ತ್ರ, ಕಿರಣ, ಔಷಧ ಮೂರನ್ನೂ ಕೂಡಿಸಿ ಕೊಡುವುದರಿಂದ ಆ ರೋಗದ ಮಕ್ಕಳಲ್ಲಿ ಬಹುಪಾಲು ಬದುಕುತ್ತಾರೆ. ಪಾನ್ಸಿನ ಗಡ್ಡೆಗೆ ಮಾತ್ರ ಇಂಥ ಅದೃಷ್ಟವು ಬರಲಿಲ್ಲ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗರ ಮಗಳು ಕ್ಯಾರನ್, ಮೂರು ವರ್ಷ ತುಂಬುವ ಮೊದಲೇ, 1962ರ ಜನವರಿಯಲ್ಲಿ ಮೆದುಳ ಕಾಂಡದ ಗಡ್ಡೆಯಿಂದ ತೀರಿಕೊಂಡಳು. ಆಕೆಗೆ ಕೊಟ್ಟದ್ದೂ ಕಿರಣ ಚಿಕಿತ್ಸೆಯೇ. ಅದಾದ ಏಳು ವರ್ಷಕ್ಕೆ ತಂದೆಯು ಚಂದ್ರನನ್ನು ಮುಟ್ಟಿ ಬಂದರು. ಅಲ್ಲಿಂದ ಅರ್ಧ ಶತಮಾನ ಕಳೆದರೂ ಈ ರೋಗಕ್ಕೆ ವೈದ್ಯರು ಮೊದಲು ಕೊಡುವ ಚಿಕಿತ್ಸೆಯು ಅದೇ ಆಗಿ ಉಳಿಯಿತು.

ಇದಕ್ಕೆ ಕಾರಣವೇನು? ಬಹು ಮುಖ್ಯವಾದ ಕಾರಣವು ಇದು: ರೋಗದ ಕಣಗಳನ್ನು ಕಣ್ಣಾರೆ ಕಂಡವರೇ ಕಡಿಮೆ. ಪಾನ್ಸಿಗೆ ಸೂಜಿಯನ್ನು ಹಾಕುವುದು ಅಪಾಯವೆಂದು ಹೆದರಿ, ಬಹು ವರ್ಷ ವೈದ್ಯರು ಎಂ.ಆರ್.ಐ. ಚಿತ್ರವನ್ನು ನೋಡಿಯೇ ರೋಗವನ್ನು ನಿಶ್ಚಯಿಸುತ್ತಿದ್ದರು. ಕೈಗೆ ಸಿಕ್ಕದ ಕಣದ ಮೇಲೆ ಔಷಧವನ್ನು ಪರೀಕ್ಷಿಸುವುದು ಹೇಗೆ?

ಡಾಕ್ಟರ್ ಮಿಷೆಲ್ ಮೊಂಜೆಯವರು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ನರರೋಗಶಾಸ್ತ್ರದ ಪ್ರೊಫೆಸರರು. ಮಕ್ಕಳ ಮೆದುಳಿನ ಗಡ್ಡೆಗಳ ವೈದ್ಯೆ. ವೈದ್ಯ ವಿದ್ಯಾರ್ಥಿನಿಯಾಗಿದ್ದಾಗಲೇ ಈ ರೋಗವುಳ್ಳ ಒಬ್ಬ ಬಾಲಕಿಯ ಆರೈಕೆಯಲ್ಲಿ ಅವರಿಗೆ ಪಾಲು ಸಿಕ್ಕಿತು. ಏನೂ ಮಾಡಲಿಕ್ಕಿಲ್ಲವೆಂಬ ಉತ್ತರವು ಅವರಿಗೆ ಒಗ್ಗಲಿಲ್ಲ. ಮುಂದೆ ಅವರು ಮಾಡಿದ ಕೆಲಸವು ತೀರಿಹೋದ ಮಕ್ಕಳ ತಂದೆತಾಯಿಗಳ ಉಪಕಾರದಿಂದ ನಡೆಯಿತು. ಮಗುವು ಸತ್ತ ಕೆಲವೇ ಗಂಟೆಗಳೊಳಗೆ ಗಡ್ಡೆಯ ಭಾಗವನ್ನು ತೆಗೆದು ಪ್ರಯೋಗಶಾಲೆಗೆ ತಂದರೆ ಅದರಲ್ಲಿ ಕೆಲವು ಕಣಗಳು ಇನ್ನೂ ಜೀವದಿಂದಿರುತ್ತವೆ. ಅವುಗಳಿಗೆ ಆಹಾರ ಕೊಟ್ಟು ಪಾತ್ರೆಯಲ್ಲಿ ಬೆಳೆಸಬಹುದು. ಹೀಗೆ ಬೆಳೆಸಿದ ಕಣಗಳ ವಿಷಯವಾದ ಪ್ರಬಂಧವನ್ನು ಮೊಂಜೆಯವರೂ ಜೊತೆಯವರೂ 2011ರಲ್ಲಿ ಪ್ರಕಟಿಸಿ, ಆ ಕಣಗಳನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ ಬೇರೆ ದೇಶಗಳ ಸಂಶೋಧಕರಿಗೂ ಹಂಚಿದರು.

ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಮಗುವನ್ನು ಕಳೆದುಕೊಂಡ ಆ ರಾತ್ರಿಯಲ್ಲಿ ವೈದ್ಯರು ಬಂದು ಅದರ ಮೆದುಳನ್ನು ಕೇಳುವುದು ಕ್ರೂರವಲ್ಲವೇ ಎಂದು ನಮ್ಮ ವಿದ್ಯಾರ್ಥಿನಿಯರು ಕೇಳಿಯಾರು. ನಾವೂ ಮೊದಲು ಹಾಗೆಯೇ ಕೇಳುವೆವು. ಆದರೆ ಕೇಳುವುದಕ್ಕೂ ಒತ್ತಾಯಿಸುವುದಕ್ಕೂ ದೂರವಿದೆ. ತಮ್ಮ ಮಗುವಿಗೆ ಆಗದ ಉಪಯೋಗವು ಇನ್ನೊಂದು ಮನೆಯ ಮಗುವಿಗಾದರೂ ಆಗಲಿ ಎಂಬ ತಂದೆತಾಯಿಗಳಿಗೆ ಆ ಸಂದರ್ಭವನ್ನೇ ಕೊಡದೆ ಹೋಗುವುದು ದಯೆಯಾಗುವುದೋ ಎಂಬುದನ್ನೂ ನೋಡಬೇಕು. ಈ ಪಾಠದಲ್ಲಿ ಮುಂದೆ ಹೇಳುವ ಹಲವು ಸಂಗತಿಗಳು ಆ ದಾನದಿಂದ ಹುಟ್ಟಿದವು.

2012ರಲ್ಲಿ ಬೇರೆ ಸಂಶೋಧಕರು ಈ ಗಡ್ಡೆಯ ಕಣಗಳಲ್ಲಿ 'ಹಿಸ್ಟೋನ್' ಎಂಬ ಸಾರಜನಕ ವಸ್ತುವಿನ ಒಂದು ಅಕ್ಷರವು ತಪ್ಪಿರುವುದನ್ನು ಕಂಡುಹಿಡಿದರು. ಹಿಸ್ಟೋನೆಂದರೆ ವಂಶಸೂತ್ರವನ್ನು ದಾರದ ಉಂಡೆಯಂತೆ ಸುತ್ತಿಡುವ ವಸ್ತು. ಅದು ಕೆಟ್ಟರೆ ಯಾವ ಗುಣವು ಯಾವಾಗ ಎಚ್ಚರವಾಗಬೇಕೆಂಬ ಕ್ರಮವೇ ಕೆಡುತ್ತದೆ. ಮೊಂಜೆಯವರು ಹಿಡಿದ ದಾರಿ ಬೇರೆ. ಈ ರೋಗವು ಆ ವಯಸ್ಸಿನಲ್ಲಿಯೇ, ಆ ಸ್ಥಳದಲ್ಲಿಯೇ ಯಾಕೆ ಬರಬೇಕು ಎಂಬುದು ಅವರ ಪ್ರಶ್ನೆ. ಬಾಲ್ಯದಲ್ಲಿ ನರತಂತುಗಳ ಮೇಲೆ 'ಮಯೆಲಿನ್' ಎಂಬ ಕೊಬ್ಬಿನ ಹೊದಿಕೆಯು ಬೆಳೆಯುತ್ತದೆ. ಮಗುವು ನಡೆಯಲು, ಬರೆಯಲು, ಹಾಡಲು ಕಲಿಯುವಾಗ ನರಕಣಗಳು ಕೆಲಸ ಮಾಡಿದಷ್ಟೂ ಹೊದಿಕೆಯನ್ನು ನೆಯ್ಯುವ ಎಳೆಯ ಕಣಗಳು ಹೆಚ್ಚುತ್ತವೆಂಬುದನ್ನು ಅವರ ಪ್ರಯೋಗಶಾಲೆಯು 2014ರಲ್ಲಿ ಇಲಿಗಳಲ್ಲಿ ತೋರಿಸಿತು. ಗಡ್ಡೆಯ ಕಣಗಳೋ ಆ ಎಳೆಯ ಕಣಗಳನ್ನೇ ಹೋಲುವಂಥವು. ಹಾಗಾದರೆ ನರಗಳ ಕೆಲಸವು ಗಡ್ಡೆಯನ್ನೂ ಬೆಳೆಸುತ್ತದೆಯೋ?

ಹೌದೆಂದು ಉತ್ತರ ಬಂದಿತು. ಇಲಿಯ ಮೆದುಳಿನಲ್ಲಿ ಮನುಷ್ಯರ ಗಡ್ಡೆಯ ಕಣಗಳನ್ನು ನೆಟ್ಟು, ಬೆಳಕಿನಿಂದ ನರಕಣಗಳನ್ನು ಎಬ್ಬಿಸುವ ಉಪಾಯದಿಂದ ಅವುಗಳಿಗೆ ಕೆಲಸ ಕೊಟ್ಟಾಗ ಗಡ್ಡೆಯು ಹೆಚ್ಚಾಗಿ ಬೆಳೆಯಿತು. ಈ ಉಪಾಯವನ್ನು ರೂಪಿಸಿದವರಲ್ಲಿ ಮುಖ್ಯರಾದ ಕಾರ್ಲ್ ಡೈಸರಾತ್ ಮೊಂಜೆಯವರ ಪತಿ. ಕೆಲಸ ಮಾಡುವ ನರಗಳಿಂದ 'ನ್ಯೂರೊಲಿಜಿನ್-3' ಎಂಬ ವಸ್ತುವು ಹೊರಬಿದ್ದು ಗಡ್ಡೆಗೆ ಆಹಾರದಂತಾಗುತ್ತದೆಂದು 2015ರಲ್ಲಿ ಹಂಸಾ ವೆಂಕಟೇಶ್ ಎಂಬ ಸಂಶೋಧಕಿಯೂ ಮೊಂಜೆಯವರೂ ಪ್ರಕಟಿಸಿದರು. 2019ರಲ್ಲಿ ಇನ್ನೂ ಆಶ್ಚರ್ಯಕರವಾದ ಸಂಗತಿಯು ಹೊರಟಿತು: ಒಂದು ನರಕಣವು ಇನ್ನೊಂದನ್ನು ಕೂಡುವ ಹಾಗೆ ಗಡ್ಡೆಯ ಕಣಗಳೂ ನರಕಣಗಳೊಡನೆ ಕೂಡಿಕೊಂಡು, ಅವುಗಳ ವಿದ್ಯುತ್ ಸಂದೇಶವನ್ನು ಕದ್ದು ಕೇಳುತ್ತವೆ. ಜರ್ಮನಿಯ ಹೈಡೆಲ್‌ಬರ್ಗಿನ ಸಂಶೋಧಕರೂ ಅದೇ ಸಮಯದಲ್ಲಿ ಇದನ್ನೇ ಕಂಡರು.

ಇದನ್ನು ಓದಿದ ಯಾರಾದರೂ, ರೋಗದ ಮಗುವಿಗೆ ಓದು ಬೇಡ, ಆಟ ಬೇಡ ಎಂದು ತೀರ್ಮಾನಿಸಿದರೆ ಅದು ತಪ್ಪು. ಮೆದುಳು ನಿದ್ರೆಯಲ್ಲಿಯೂ ಕೆಲಸ ಮಾಡುತ್ತಲೇ ಇರುವುದು; ಪಾಠದ ಪುಸ್ತಕವನ್ನು ಕಿತ್ತುಕೊಂಡ ಮಾತ್ರಕ್ಕೆ ಅದು ಸುಮ್ಮನಾಗುವುದಿಲ್ಲ. ನರವನ್ನು ನಿಲ್ಲಿಸದೆ, ನರಕ್ಕೂ ಗಡ್ಡೆಗೂ ಇರುವ ಸಂಬಂಧವನ್ನು ಮಾತ್ರ ಕಡಿಯುವ ಔಷಧವನ್ನು ಸಂಶೋಧಕರು ಹುಡುಕುತ್ತಿದ್ದಾರೆ.

ಚಿಕಿತ್ಸೆಯ ಸಂಗತಿಗೆ ಬರುವೆವು. ನಮ್ಮ ರಕ್ತದಲ್ಲಿ 'ಟಿ-ಕಣ'ಗಳೆಂಬ ಕಾವಲುಗಾರರಿದ್ದಾರೆ. ರೋಗಿಯ ಟಿ-ಕಣಗಳನ್ನು ಹೊರತೆಗೆದು, ಒಂದು ಗುರುತನ್ನು ಕಂಡೊಡನೆ ಮೇಲೆ ಬೀಳುವಂತೆ ಅವುಗಳನ್ನು ಮಾರ್ಪಡಿಸಿ, ತಿರುಗಿ ಮೈಗೆ ಸೇರಿಸುವ ಪದ್ಧತಿಗೆ 'ಕಾರ್-ಟಿ' ಎಂದು ಹೆಸರು. ಈ ಗಡ್ಡೆಯ ಕಣಗಳ ಮೈಮೇಲೆ 'ಜಿ.ಡಿ.2' ಎಂಬ ಗುರುತು ದಟ್ಟವಾಗಿದೆಯೆಂದು ಮೊಂಜೆಯವರೂ ಕ್ರಿಸ್ಟಲ್ ಮ್ಯಾಕಾಲ್ ಎಂಬ ವೈದ್ಯೆಯೂ 2018ರಲ್ಲಿ ತಿಳಿಸಿದರು. ಇಲಿಗಳಲ್ಲಿ ಗಡ್ಡೆಗಳು ಬಹುಮಟ್ಟಿಗೆ ಮಾಯವಾದವು. ಆದರೆ ಕೆಲವು ಇಲಿಗಳು ಮೆದುಳು ಬಾತು ಸತ್ತವು. ಈ ಎರಡನೆಯ ಮಾತನ್ನೂ ಅವರು ಅಡಗಿಸದೆ ಬರೆದರು. ಪಾನ್ಸಿನಲ್ಲಿ ಬಾವು ಬಂದರೆ ನೀರು ಹರಿಯುವ ದಾರಿ ಕಟ್ಟಿಕೊಳ್ಳುವುದೆಂದು ಮೊದಲೇ ತಿಳಿದುದರಿಂದಲೇ, 2020ರಲ್ಲಿ ಮನುಷ್ಯರ ಮೇಲೆ ಪರೀಕ್ಷೆಯನ್ನು ಆರಂಭಿಸಿದಾಗ ಆ ನೀರನ್ನು ತೆಗೆಯುವ ಏರ್ಪಾಡನ್ನು ಸಿದ್ಧವಾಗಿಟ್ಟುಕೊಂಡಿದ್ದರು.

2022ರಲ್ಲಿ ಮೊದಲ ನಾಲ್ವರ ವಿವರವು ಹೊರಬಂದಿತು; ಮೂವರಿಗೆ ಗುಣ ಕಂಡಿತ್ತು. 2024ರ ನವೆಂಬರಿನ ಪ್ರಬಂಧದಲ್ಲಿ ಹನ್ನೊಂದು ಮಂದಿಯ ಲೆಕ್ಕವಿದೆ. ಇವರಲ್ಲಿ ಮಕ್ಕಳೂ ತರುಣರೂ ಇದ್ದರು. ಗಡ್ಡೆಯು ಪಾನ್ಸಿನಲ್ಲಿ ಅಥವಾ ಬೆನ್ನುಹುರಿಯಲ್ಲಿ ಇತ್ತು. ಒಂಬತ್ತು ಮಂದಿಗೆ ನಡಿಗೆ, ಮಾತು ಮುಂತಾದವುಗಳಲ್ಲಿ ಏನಾದರೂ ಪ್ರಯೋಜನವಾಯಿತು. ನಾಲ್ವರಲ್ಲಿ ಗಡ್ಡೆಯು ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಆ ನಾಲ್ವರಲ್ಲಿ ಒಬ್ಬನ ಗಡ್ಡೆಯು ಪೂರ್ಣವಾಗಿ ಮಾಯವಾಗಿ, ಪ್ರಬಂಧವು ಅಚ್ಚಾಗುವ ಹೊತ್ತಿಗೆ 30 ತಿಂಗಳು ಮೀರಿದರೂ ಮರಳಿರಲಿಲ್ಲ. ರೋಗವು ಗೆಲ್ಲಲ್ಪಟ್ಟಿತೆಂದು ಪತ್ರಿಕೆಗಳಲ್ಲಿ ಯಾರಾದರೂ ಬರೆದರೆ ಈ ಅಂಕೆಗಳನ್ನು ನೆನಸಿಕೊಳ್ಳಿರಿ: ಹನ್ನೊಂದರಲ್ಲಿ ಒಬ್ಬ. ಹಾಗೆಂದು ಆ ಒಬ್ಬನು ಅಲ್ಪವೂ ಅಲ್ಲ; ಅದಕ್ಕೆ ಮೊದಲು ಇಂಥವನೊಬ್ಬನನ್ನು ಕಾಣುವುದೇ ಬಲು ಅಪರೂಪವಾಗಿತ್ತು. 2025ರ ಆಗಸ್ಟಿನಲ್ಲಿ 'ಡೋರ್ಡಾವಿಪ್ರೋನ್' ಎಂಬ ಬೇರೊಂದು ಔಷಧಕ್ಕೂ, ಮೇಲೆ ಹೇಳಿದ ಹಿಸ್ಟೋನ್ ದೋಷವುಳ್ಳ ಗಡ್ಡೆಯು ಚಿಕಿತ್ಸೆಯ ತರುವಾಯವೂ ಬೆಳೆದವರಿಗಾಗಿ, ಅಮೆರಿಕದ ಸರಕಾರದ ಅನುಮತಿ ದೊರೆಯಿತು.

ಇನ್ನು ಶಾಲೆಗೆ ಸಂಬಂಧಪಟ್ಟ ಮಾತು. ರೋಗದ ಮೊದಲ ಗುರುತುಗಳು ತರಗತಿಯಲ್ಲಿಯೂ ಕಾಣಬಹುದು. ನೆಟ್ಟಗಿದ್ದ ಕಣ್ಣು ಕೆಲವು ವಾರಗಳಲ್ಲಿ ಮೆಳ್ಳೆಯಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನಗುವಾಗ ಬಾಯಿಯ ಒಂದು ಕಡೆ ಮಾತ್ರ ಏಳುವುದು, ನಡಿಗೆ ತಪ್ಪುವುದು, ಮಾತು ತೊದಲುವುದು. ಬೇರೆ ಗಡ್ಡೆಗಳಲ್ಲಿ ಬೆಳಿಗ್ಗೆ ಎದ್ದೊಡನೆ ತಲೆನೋವೂ ವಾಂತಿಯೂ. ಇವುಗಳಿಗೆ ಅಲ್ಪ ಕಾರಣಗಳೇ ಹೆಚ್ಚು, ಹೆದರಬೇಕಾದುದಿಲ್ಲ; ಆದರೆ ಹೊಸದಾಗಿ ಬಂದು ದಿನೇ ದಿನೇ ಹೆಚ್ಚುವುದಾದರೆ ದೃಷ್ಟಿ ತೆಗೆದು ಕುಳಿತಿರದೆ ವೈದ್ಯರ ಬಳಿಗೆ ಕಳುಹಿಸಬೇಕು.

ಬದುಕಿ ಉಳಿದ ಮಕ್ಕಳ ವಿಷಯವು ಬೇರೆ. ಮೊಂಜೆಯವರ ಮೊದಲ ಸಂಶೋಧನೆಯು ಇದರ ಮೇಲೆಯೇ ಇತ್ತು. ನೆನಪಿಗೆ ಬೇಕಾದ 'ಹಿಪ್ಪೊಕ್ಯಾಂಪಸ್' ಎಂಬ ಭಾಗದಲ್ಲಿ ಹೊಸ ನರಕಣಗಳು ಹುಟ್ಟುವುದನ್ನು ಕಿರಣಗಳು ನಿಲ್ಲಿಸುತ್ತವೆಂದೂ, ಅದಕ್ಕೆ ಉರಿಯೂತವು ಮುಖ್ಯ ಕಾರಣವೆಂದೂ, ಉರಿಯೂತವನ್ನು ತಗ್ಗಿಸಿದರೆ ಹುಟ್ಟುವಿಕೆಯು ಸ್ವಲ್ಪಮಟ್ಟಿಗೆ ಮರಳುವುದೆಂದೂ ಅವರು 2002 ಮತ್ತು 2003ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. 2025ರಲ್ಲಿ ಅವರ ಪ್ರಯೋಗಶಾಲೆಯವರು ತಮ್ಮದೇ ಕಾರ್-ಟಿ ಚಿಕಿತ್ಸೆಯೂ ಬುದ್ಧಿಗೆ ಸ್ವಲ್ಪ ಮಂಕನ್ನು ತರಬಹುದೆಂದು ಇಲಿಗಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು.

ಆದುದರಿಂದ ಮೆದುಳಿಗೆ ಕಿರಣ ಚಿಕಿತ್ಸೆಯನ್ನು ಪಡೆದ ಮಗುವು ಶಾಲೆಗೆ ಮರಳಿದಾಗ, ಕೂದಲು ಬೆಳೆದು ಮುಖವು ತುಂಬಿಕೊಂಡಿದ್ದರೂ, ಲೆಕ್ಕವನ್ನು ಮಾಡಲು ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯಬಹುದು. ಹೇಳಿದ ಮೂರು ಮಾತುಗಳಲ್ಲಿ ಒಂದು ಮರೆತುಹೋಗಬಹುದು. ಅದು ಸೋಮಾರಿತನವಲ್ಲ. ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹಲಗೆಯಿಂದ ಬರೆದುಕೊಳ್ಳುವ ಕೆಲಸವನ್ನು ಕಡಿಮೆ ಮಾಡಿ, ಒಂದು ಸಾರಿಗೆ ಒಂದೇ ಅಪ್ಪಣೆಯನ್ನು ಕೊಟ್ಟು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನು ಕೇಳಿ ಪಡೆಯುವುದು ಉಪಾಧ್ಯಾಯಿನಿಯ ಕೆಲಸ.