ಹೆಸರು ಹಿಡಿದು ಹುಡುಕವ್ವಾ

ಲಂಬಾಣಿಗರ ಮೇಲೆ ಸಂಶೋಧನೆಗೆ ಇಳಿದಿದ್ದೀಯಂತೆ. ಕೇಳಿ ಹಿಗ್ಗಾಯಿತವ್ವಾ. ಪುಸ್ತಕದ ಪಟ್ಟಿ ಮಾಡುವ ಮೊದಲು ಒಂದು ಮಾತು ಕೇಳು.

ನಮ್ಮ ಚನ್ನಗಿರಿ ಸೀಮೆಯ ಕೆರೆಯನ್ನೇ ನೋಡು. ಜನರ ಬಾಯಲ್ಲಿ ಸೂಳೆಕೆರೆ, ಸರ್ಕಾರದ ಕಾಗದದಲ್ಲಿ ಶಾಂತಿಸಾಗರ. ಒಂದೇ ಹೆಸರು ಗೊತ್ತಿದ್ದವರಿಗೆ ಅರ್ಧ ಕಡತ ಕೈಗೆ ಸಿಗುವುದಿಲ್ಲ. ನಿನ್ನ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಲಂಬಾಣಿ, ಲಮಾಣಿ, ಬಂಜಾರ, ಸುಗಾಲಿ ಎಂದೆಲ್ಲ ಹೊರಗಿನವರು ಕರೆದರು; ಅವರು ತಮ್ಮನ್ನು ಕರೆದುಕೊಳ್ಳುವುದು ಗೋರ್ ಎಂದು. ಒಂದೊಂದು ಹೆಸರೂ ಒಂದೊಂದು ಶಾಸ್ತ್ರದ ಕಪಾಟಿನಲ್ಲಿ ಕೂತಿದೆ.

ಯುದ್ಧದ ಚರಿತ್ರೆಯಲ್ಲಿ ಅವರು ಬ್ರಿಂಜಾರಿಗಳು. 1791–92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯಕ್ಕೆ ಎತ್ತುಗಳ ಮೇಲೆ ಧಾನ್ಯ ಹೇರಿ ತಂದವರು. ಗ್ರಿಯರ್ಸನ್ನನ ಭಾಷಾ ಸಮೀಕ್ಷೆಯಲ್ಲಿ ಅವರ ನುಡಿ ಒಂಬತ್ತನೇ ಸಂಪುಟದಲ್ಲಿದೆ, ರಾಜಸ್ಥಾನದ ನುಡಿಗಳ ನಂಟಿನಲ್ಲಿ. ರೈಲು ಬಂದು ಎತ್ತಿನ ವ್ಯಾಪಾರ ಮುರಿದ ಕಥೆ ಅರ್ಥಶಾಸ್ತ್ರದವರ ಬಳಿ ಸಿಗುತ್ತದೆ. ಅವರಲ್ಲಿ ಕೆಲವು ಗುಂಪುಗಳನ್ನು ಹುಟ್ಟು ಅಪರಾಧಿಗಳೆಂದು ಬರೆದ ಅನ್ಯಾಯಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಓದಬೇಕು. ಓದುವಾಗ ನಿನಗೆ ಸಿಟ್ಟು ಬರುತ್ತದೆ, ಬರಲಿ. ಇನ್ನು ಅಂಕಿಅಂಶ: ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಎರಡು ರಾಜ್ಯದ ಲೆಕ್ಕವನ್ನು ಒಂದೇ ಕೋಷ್ಟಕಕ್ಕೆ ತುಂಬಿಬಿಡಬೇಡ.

ಊರಿನ ಹೆಸರೂ ಹೀಗೇ ದಾರಿ ತಪ್ಪಿಸುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗದವು. ರೈಸ್ ಸಾಹೇಬರ ಶಾಸನ ಸಂಪುಟಗಳಲ್ಲಿ ಏಳನೆಯದನ್ನು ತೆಗೆ, ಇಲ್ಲಿನ ಶಾಸನಗಳು ಅಲ್ಲಿವೆ. ಲಂಬಾಣಿಗರ ಪುಣ್ಯಕ್ಷೇತ್ರ ಸೂರಗೊಂಡನಕೊಪ್ಪ ಈಗ ನ್ಯಾಮತಿ ತಾಲ್ಲೂಕು. ಹಳೆಯ ಬರಹಗಳಲ್ಲಿ ಹೊನ್ನಾಳಿ ಎಂದಿರುತ್ತದೆ.

ಆ ಕೊಪ್ಪಕ್ಕೆ ಮಾತ್ರ ನೀನೇ ಹೋಗಬೇಕು. ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ್ದು ಅಲ್ಲೇ ಎಂದು ಸಮುದಾಯ ನಂಬುತ್ತದೆ. ಫೆಬ್ರವರಿ ನಡುವಿನ ಜಯಂತಿಗೆ ಮಾಲೆ ಹಾಕಿದವರು ದೂರದೂರದ ತಾಂಡಾಗಳಿಂದ, ಅಂದರೆ ತಮ್ಮ ಹಟ್ಟಿಗಳಿಂದ, ಬರುತ್ತಾರೆ. ಮೊದಲ ದಿನ ರೆಕಾರ್ಡರ್ ಚೀಲದಲ್ಲೇ ಇರಲಿ. ಕನ್ನಡಿ ಕೂರಿಸಿದ ಕಾಂಚಳಿ ರವಿಕೆ ತೊಟ್ಟ ಅಜ್ಜಿ ಸಿಕ್ಕರೆ ಯಾಡಿ, ಅಂದರೆ ತಾಯಿ, ಎಂದು ಕರೆದು ಪಕ್ಕ ಕೂತುಕೋ. ಒಂದೊಂದು ಹೊಲಿಗೆಗೂ ಅವರಲ್ಲಿ ಹೆಸರಿದೆ. ಆ ಹೆಸರುಗಳನ್ನು ಅವರು ಉಚ್ಚರಿಸಿದ ಹಾಗೇ ಬರೆದುಕೋ, ನಮ್ಮ ಕಿವಿಗೆ ಸರಿಯಾಗಲೆಂದು ತಿದ್ದಬೇಡ. ಅಧ್ಯಾಯ ಮುಗಿದ ಮೇಲೆ ಮಾರ್ಗದರ್ಶಕರಿಗೆ ಕೊಡುವ ಮುಂಚೆ ತಾಂಡಾಕ್ಕೆ ಹೋಗಿ ಆ ಅಜ್ಜಿಯ ಎದುರು ಗಟ್ಟಿಯಾಗಿ ಓದು. ಅವರು ಅಲ್ಲವೆಂದ ಕಡೆ ಪೆನ್ಸಿಲ್ ಗುರುತು ಹಾಕಿಕೊಂಡು ಬಾ, ಇಬ್ಬರೂ ಕೂತು ನೋಡೋಣ.